ಐವಿ ಲೀಗ್ ಮತ್ತು ಅಂಥ ಕಾಲೇಜುಗಳಿಗೆ ಆಟದ ಮೂಲಕ ಪ್ರವೇಶ: ಓದು ಎಷ್ಟಿರಬೇಕು, ಯಾವಾಗ ಏನು ಮಾಡಬೇಕು

ಅಮೆರಿಕದಲ್ಲಿ ಪ್ರವೇಶ ಕಠಿಣವಾದ ಕಾಲೇಜುಗಳಿಗೆ ಆಟಗಾರರು ಸುಲಭವಾಗಿ ಹೋಗುತ್ತಾರೆ ಎಂಬ ಮಾತು ಅರ್ಧ ಮಾತ್ರ ನಿಜ. ಹಾರ್ವರ್ಡ್ ವಿರುದ್ಧದ ಪ್ರವೇಶಾತಿ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ, ಕೋಚ್‌ಗಳು ಆರಿಸಿಕೊಂಡ ಕ್ರೀಡಾಪಟುಗಳಲ್ಲಿ ಸುಮಾರು 86% ಮಂದಿಗೆ ಸೀಟು ಸಿಕ್ಕಿತ್ತು. ಈ ಸಂಖ್ಯೆ ಕೇಳಿದ ಎಷ್ಟೋ ಮನೆಗಳಲ್ಲಿ ಓದಿನ ಹಿಡಿತ ಸಡಿಲವಾಗುತ್ತದೆ. ಆದರೆ ಆ ಲೆಕ್ಕ ಶುರುವಾಗುವ ಹೊತ್ತಿಗೆ ಜರಡಿ ಹಿಡಿಯುವ ಕೆಲಸ ಮುಗಿದಿರುತ್ತದೆ. ಅಂಕ ಸಾಲದವರ ಹೆಸರನ್ನು ಕೋಚ್ ತನ್ನ ಪಟ್ಟಿಗೆ ಸೇರಿಸಿಯೇ ಇರುವುದಿಲ್ಲ.

ಕೋಚ್ ತಿರುಗಿ ನೋಡುವುದಕ್ಕೆ ಆಟ ಬೇಕು. ತನ್ನ ಕೈಲಿರುವ ಕೆಲವೇ ಜಾಗಗಳಲ್ಲಿ ಒಂದನ್ನು ನಿಮ್ಮ ಮಗನಿಗೋ ಮಗಳಿಗೋ ಕೊಡಬಹುದೇ ಎಂದು ಅವರು ತೂಗಿ ನೋಡುವಾಗ ಎದುರಿಗಿರುವುದು ಅಂಕಪಟ್ಟಿ. ಆದ್ದರಿಂದ ಮಾಡಬೇಕಾದ ಮುಖ್ಯ ಕೆಲಸ ಎರಡು. ಯಾವ ಕಾಲೇಜು ಯಾವ ಅಳತೆಗೋಲು ಹಿಡಿಯುತ್ತದೆ ಎಂದು ಮೊದಲೇ ತಿಳಿದುಕೊಳ್ಳುವುದು, ಮತ್ತು ಅಂಕಪಟ್ಟಿಯನ್ನು ಸರಿಯಾದ ತಿಂಗಳಲ್ಲಿ ಅಡ್ಮಿಷನ್ ಆಫೀಸಿನವರು ಓದುವಂತೆ ಮಾಡುವುದು.

ಮೊದಲ ಗೆರೆ: ಎನ್‌ಸಿಎಎ

ಎನ್‌ಸಿಎಎ ಎಂದರೆ ಅಮೆರಿಕದ ಕಾಲೇಜು ಆಟಗಳ ನಿಯಮ ಮಾಡುವ ಸಂಸ್ಥೆ, ಅದರ ಮೂರು ಡಿವಿಷನ್‌ಗಳಲ್ಲಿ ಮೇಲಿನದು ಡಿವಿಷನ್ 1. ಅಲ್ಲಿ ಆಡಬೇಕಾದರೆ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಿಂದ ಅರ್ಹತೆ ಪಡೆಯಲೇಬೇಕು. ಅದಕ್ಕೆ ಹೈಸ್ಕೂಲಿನಲ್ಲಿ 16 ಕೋರ್ (ಮುಖ್ಯ ವಿಷಯಗಳ) ಕೋರ್ಸ್ ಆಗಿರಬೇಕು: ಇಂಗ್ಲಿಷ್ 4 ವರ್ಷ, ಗಣಿತ 3 ವರ್ಷ (ಆಲ್ಜಿಬ್ರಾ 1 ಅಥವಾ ಅದಕ್ಕಿಂತ ಮೇಲಿನದು), ವಿಜ್ಞಾನ 2 ವರ್ಷ, ಸಮಾಜ ವಿಜ್ಞಾನ 2 ವರ್ಷ, ಇಂಗ್ಲಿಷ್-ಗಣಿತ-ವಿಜ್ಞಾನದಲ್ಲಿ ಯಾವುದಾದರೂ ಇನ್ನೊಂದು ವರ್ಷ. ಉಳಿದ 4 ಇವೇ ವಿಷಯಗಳಲ್ಲಿ ಇರಬಹುದು, ಇಲ್ಲವೇ ವಿದೇಶಿ ಭಾಷೆ, ತತ್ತ್ವಶಾಸ್ತ್ರ, ಧರ್ಮಗಳ ತೌಲನಿಕ ಅಧ್ಯಯನದಲ್ಲಿ ಇರಬಹುದು. ಕೋರ್ ಜಿಪಿಎ (ಈ ಕೋರ್ಸ್‌ಗಳ ಗ್ರೇಡುಗಳ ಸರಾಸರಿ, 4ಕ್ಕೆ) ಕನಿಷ್ಠ 2.3. ಈ 16ರಲ್ಲಿ 10 ಕೋರ್ಸ್‌ಗಳನ್ನು 12ನೇ ತರಗತಿ ಶುರುವಾಗುವ ಮೊದಲೇ ಮುಗಿಸಿರಬೇಕು, ಆ 10ರಲ್ಲಿ 7 ಇಂಗ್ಲಿಷ್, ಗಣಿತ ಅಥವಾ ವಿಜ್ಞಾನವೇ ಆಗಿರಬೇಕು. ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ, ಎಸಿಟಿ ಅಂಕ ಬೇಕೆಂಬ ನಿಯಮವನ್ನು ಎನ್‌ಸಿಎಎ 2023ರ ಜನವರಿಯಲ್ಲಿ ಕೈಬಿಟ್ಟಿತು. ಡಿವಿಷನ್ 2ರಲ್ಲಿ ಜಿಪಿಎ 2.2. ಡಿವಿಷನ್ 3ಕ್ಕೆ ಎನ್‌ಸಿಎಎ ಇಂಥ ಓದಿನ ಗೆರೆ ಹಾಕಿಲ್ಲ, ಆಯಾ ಕಾಲೇಜಿನ ನಿಯಮವೇ ಕೊನೆ.

ಕೋರ್ ಜಿಪಿಎ ಲೆಕ್ಕವನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಎ ಗ್ರೇಡಿಗೆ 4, ಬಿಗೆ 3, ಸಿಗೆ 2, ಡಿಗೆ 1. ಪ್ಲಸ್ ಮೈನಸ್ ಲೆಕ್ಕಕ್ಕಿಲ್ಲ, ಬಿ ಪ್ಲಸ್ ಕೂಡ 3, ಬಿ ಮೈನಸ್ ಕೂಡ 3. ವರ್ಷಪೂರ್ತಿಯ ಕೋರ್ಸ್ ಒಂದು ಯೂನಿಟ್, ಒಂದು ಸೆಮಿಸ್ಟರಿನದು ಅರ್ಧ. 16 ಯೂನಿಟ್‌ಗಳಲ್ಲಿ 6 ಎ, 8 ಬಿ, 2 ಸಿ ಇದ್ದರೆ 24 + 24 + 4 = 52, ಅದನ್ನು 16ರಿಂದ ಭಾಗಿಸಿದರೆ 3.25. ದೈಹಿಕ ಶಿಕ್ಷಣ, ಸಂಗೀತ, ಚಿತ್ರಕಲೆಯ ಎಗಳು ಇದರಲ್ಲಿ ಸೇರುವುದಿಲ್ಲ. ಶಾಲೆಯ ಅಂಕಪಟ್ಟಿಯ ಜಿಪಿಎಗೂ ಇದಕ್ಕೂ ವ್ಯತ್ಯಾಸ ಬರುವುದು ಇಲ್ಲೇ.

ಈ ಹಂತದಲ್ಲಿ ತೊಂದರೆ ಬರುವ ಜಾಗಗಳು ಗೊತ್ತಿರುವಂಥವೇ. ಕೋರ್ಸು ಶಾಲೆಯಲ್ಲಿ ನಡೆಯುತ್ತದೆ, ಆದರೆ ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಈ ಪಟ್ಟಿ ಶಾಲೆಯ ಆರಂಕಿಯ ಕೋಡ್ ಹಾಕಿದರೆ ಎನ್‌ಸಿಎಎ ತಾಣದಲ್ಲಿ ಸಿಗುತ್ತದೆ. 9ನೇ ತರಗತಿಯಲ್ಲೇ ತೆಗೆದು, ಅಂಕಪಟ್ಟಿಯಲ್ಲಿರುವ ಹೆಸರಿಗೂ ಪಟ್ಟಿಯ ಹೆಸರಿಗೂ ಅಕ್ಷರಶಃ ಹೊಂದಿಕೆ ಇದೆಯೇ ನೋಡಿ. ಫೇಲಾದ ಕೋರ್ಸನ್ನು ಕಂಪ್ಯೂಟರ್ ಮುಂದೆ ಕೂತು ಎರಡು ವಾರದಲ್ಲಿ ಮುಗಿಸುವ ಕ್ರೆಡಿಟ್ ರಿಕವರಿ ಬಗೆಯ ಪಾಠಗಳು ಶಾಲೆಗೆ ಸಾಕಾಗಬಹುದು, ಎನ್‌ಸಿಎಎ ಎಷ್ಟೋ ಸಲ ಒಪ್ಪುವುದಿಲ್ಲ. ಇನ್ನು ಮೊದಲ 10 ಕೋರ್ಸ್‌ಗಳ ಗ್ರೇಡು 12ನೇ ತರಗತಿ ಶುರುವಾದ ಮೇಲೆ ಗಟ್ಟಿಯಾಗಿಬಿಡುತ್ತದೆ, ಮತ್ತೆ ಓದಿ ಬರೆದರೂ ಡಿವಿಷನ್ 1ರ ಜಿಪಿಎ ಏರುವುದಿಲ್ಲ. ಹಿಂದೆ ಬಿದ್ದಿದ್ದರೆ ಸರಿಪಡಿಸಲು ಕೊನೆಯ ಅವಕಾಶ 11ನೇ ತರಗತಿ ಮುಗಿದ ಬೇಸಿಗೆ.

ಒಂದು ವರ್ಷ ಹಿಂದಕ್ಕೆ ಹೋಗಿ ಪ್ರೆಪ್ ಶಾಲೆಗೆ (ಕಾಲೇಜಿಗೆ ತಯಾರು ಮಾಡುವ ಖಾಸಗಿ ಶಾಲೆಗೆ) ಸೇರುವವರು ಗಡಿಯಾರ ನೋಡಬೇಕು. 9ನೇ ತರಗತಿ ಆರಂಭವಾದ ದಿನದಿಂದ 8 ಸೆಮಿಸ್ಟರಿನೊಳಗೆ ಓದಿದ ಕೋರ್ಸ್‌ಗಳನ್ನೇ ಡಿವಿಷನ್ 1 ಎಣಿಸುತ್ತದೆ. ಸಮಯಕ್ಕೆ ಸರಿಯಾಗಿ ಪದವಿ ಪಡೆದವರಿಗೆ ಆಮೇಲೆ ಒಂದೇ ಒಂದು ಹೆಚ್ಚುವರಿ ಯೂನಿಟ್ ಸೇರಿಸಿಕೊಳ್ಳಲು ಅವಕಾಶವಿದೆ. ಅಮೆರಿಕದ ಹೊರಗೆ ಓದಿದವರಿಗೆ ದೇಶವಾರು ಮಾರ್ಗಸೂಚಿ ಬೇರೆಯೇ ಇದೆ. 9ನೇ ತರಗತಿಯಿಂದ ಪ್ರತಿ ವರ್ಷದ ಅಂಕಪಟ್ಟಿ ಮೂಲಭಾಷೆಯಲ್ಲೂ, ಅದು ಇಂಗ್ಲಿಷ್ ಅಲ್ಲದಿದ್ದರೆ ಅನುವಾದವೂ ಬೇಕಾಗುತ್ತದೆ. ಹಳೆಯ ಶಾಲೆಯಿಂದ ಇವನ್ನು ತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುವುದುಂಟು, ಆದ್ದರಿಂದ 10ನೇ ತರಗತಿಯಲ್ಲೇ ಕಡತ ಕಟ್ಟಿಡಿ.

ಇಷ್ಟೆಲ್ಲ ಸರಿಯಾದರೂ ಅದು ಬಾಗಿಲ ಹೊರಗಿನ ಮೆಟ್ಟಿಲು. 2.3 ಇಟ್ಟುಕೊಂಡು ಯೇಲ್ ಅಥವಾ ಡ್ಯೂಕ್ ಕೋಚ್‌ಗೆ ಬರೆದರೆ ಉತ್ತರ ಬರುವುದಿಲ್ಲ.

ಕಾಲೇಜು ಯಾವ ಗುಂಪಿನದು

ಒಂದೇ ಅಂಕಪಟ್ಟಿಗೆ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎಂಬ ಉತ್ತರ ಬರಬಹುದು. ಕಾರಣ, ಪ್ರತಿ ಗುಂಪಿನಲ್ಲೂ ಕೋಚ್‌ಗೆ ಇರುವ ಅಧಿಕಾರ ಬೇರೆ.

ಐವಿ ಲೀಗಿನ ಎಂಟು ಕಾಲೇಜುಗಳು (ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಹಾರ್ವರ್ಡ್, ಪೆನ್, ಪ್ರಿನ್ಸ್‌ಟನ್, ಯೇಲ್) ಡಿವಿಷನ್ 1ರಲ್ಲಿ ಆಡುತ್ತವೆ, ಆದರೆ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಹಣದ ನೆರವು ಮನೆಯ ಆದಾಯ ನೋಡಿ ಮಾತ್ರ. ಕೋಚ್ ಹೆಸರು ಸೂಚಿಸಬಹುದು, ಸೀಟು ಕೊಡುವುದು ಅಡ್ಮಿಷನ್ ಆಫೀಸ್.

ಸ್ಟ್ಯಾನ್‌ಫರ್ಡ್, ಡ್ಯೂಕ್, ನಾರ್ತ್‌ವೆಸ್ಟರ್ನ್, ವ್ಯಾಂಡರ್‌ಬಿಲ್ಟ್, ರೈಸ್, ನೋಟರ್ ಡೇಮ್ ಕಡೆ ಆಟದ ಸ್ಕಾಲರ್‌ಶಿಪ್ ಉಂಟು. ಸ್ಕಾಲರ್‌ಶಿಪ್ ಮಾತು ಬಂದಿದೆ ಎಂದ ಮಾತ್ರಕ್ಕೆ ಪ್ರವೇಶ ಆದಂತಲ್ಲ. ಪೂರ್ತಿ ಅರ್ಜಿ ತುಂಬಬೇಕು, ಕಾಲೇಜು ಒಪ್ಪಬೇಕು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಒಪ್ಪಂದದ (ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ್ದ ಮೊಕದ್ದಮೆಯ ರಾಜಿಯ) ನಂತರ, ಅದಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ (ಅಮೆರಿಕನ್ ಫುಟ್‌ಬಾಲ್‌ಗೆ 105). ದೊಡ್ಡ ತಂಡಗಳಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ಸೇರಿಕೊಳ್ಳುವ ವಾಕ್-ಆನ್ ಜಾಗಗಳು ಇದರಿಂದ ಕಡಿಮೆಯಾಗಿವೆ. ಐವಿ ಲೀಗ್ ಈ ಒಪ್ಪಂದದಿಂದ ಹೊರಗುಳಿದಿದೆ.

ವಿಲಿಯಮ್ಸ್, ಆಮ್ಹರ್ಸ್ಟ್, ಮಿಡಲ್‌ಬರಿ, ಬೌಡನ್, ಟಫ್ಟ್ಸ್ ಮುಂತಾದ 11 ಕಾಲೇಜುಗಳ ನೆಸ್ಕ್ಯಾಕ್ ಗುಂಪು ಡಿವಿಷನ್ 3. ಇಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ. ಪ್ರತಿ ಕೋಚ್‌ಗೆ ಸೀಮಿತ ಸಂಖ್ಯೆಯ ಸ್ಲಾಟ್‌ಗಳು (ತನ್ನ ಆಟಗಾರರಿಗಾಗಿ ಬಳಸಬಹುದಾದ ಜಾಗಗಳು) ಇರುತ್ತವೆ, ಅಭ್ಯರ್ಥಿಗಳನ್ನು ಅಂಕದ ಮೇಲೆ ಬ್ಯಾಂಡ್‌ಗಳಾಗಿ ವಿಂಗಡಿಸುತ್ತಾರೆ. ಸಾಮಾನ್ಯ ವಿದ್ಯಾರ್ಥಿಗಳ ಮಟ್ಟದಲ್ಲೇ ಅಂಕ ಇರುವ ಆಟಗಾರನಿಗೆ ಕೋಚ್ ಸ್ಲಾಟ್ ಖರ್ಚು ಮಾಡಬೇಕಾಗಿಲ್ಲ, ಒಂದು ಒಳ್ಳೆಯ ಮಾತು ಹೇಳಿದರೆ ಸಾಕು. ಇದನ್ನೇ ಅಲ್ಲಿ ಟಿಪ್ ಎನ್ನುತ್ತಾರೆ. ಅಂಕ ಚೆನ್ನಾಗಿರುವ ಮಗುವಿಗೆ ಬೇಡಿಕೆ ಹೆಚ್ಚುವುದು ಈ ಉಳಿತಾಯದಿಂದ. ಆದರೆ ಟಿಪ್ ಎಂದರೆ ಖಾತರಿಯಲ್ಲ, ಸ್ಲಾಟಿನಷ್ಟು ತೂಕ ಅದಕ್ಕಿಲ್ಲ.

ಎಮ್‌ಐಟಿ ಮತ್ತು ಕ್ಯಾಲ್‌ಟೆಕ್ ಕೂಡ ಡಿವಿಷನ್ 3, ಆದರೆ ಇಲ್ಲಿ ಕೋಚ್ ಬೆಂಬಲ ಅರ್ಜಿಯ ಹಲವು ಅಂಶಗಳಲ್ಲಿ ಒಂದು ಮಾತ್ರ. ಕೋಚ್ ಎಷ್ಟೇ ಉತ್ಸಾಹ ತೋರಿಸಿದರೂ ಇವುಗಳನ್ನು ನೆಚ್ಚಿ ಉಳಿದ ಬಾಗಿಲು ಮುಚ್ಚಿಕೊಳ್ಳಬೇಡಿ.

ಒಂದೇ ವಿಶ್ವವಿದ್ಯಾಲಯದೊಳಗೂ ಅಳತೆ ಬದಲಾಗುತ್ತದೆ. ಕಾರ್ನೆಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜು ಬೇರೆ, ಕೃಷಿ ಮತ್ತು ಜೀವವಿಜ್ಞಾನದ ಕಾಲೇಜು ಬೇರೆ. ಪೆನ್‌ನಲ್ಲಿ ಬಿಸಿನೆಸ್ ಓದಿನ ವಾರ್ಟನ್ ಬೇರೆ. ಎಂಜಿನಿಯರಿಂಗ್ ಎಂದು ಬರೆದರೆ ಕ್ಯಾಲ್ಕುಲಸ್, ಭೌತಶಾಸ್ತ್ರ ಎಲ್ಲಿ ಎಂದು ಹುಡುಕುತ್ತಾರೆ. ಯಾವ ವಿಭಾಗಕ್ಕೆ ಅರ್ಜಿ ಎಂಬುದನ್ನು ಕೋಚ್‌ಗೆ ಮೊದಲೇ ಹೇಳಿ, ನಂತರ ಬದಲಾಯಿಸಬೇಡಿ.

ಅಕಾಡೆಮಿಕ್ ಇಂಡೆಕ್ಸ್ ಎಂಬ ಲೆಕ್ಕ

ಐವಿ ಕಾಲೇಜುಗಳು ಪ್ರತಿ ರಿಕ್ರೂಟ್‌ನ (ಕೋಚ್ ಆರಿಸಿಕೊಂಡ ಆಟಗಾರನ) ಹೈಸ್ಕೂಲ್ ಗ್ರೇಡುಗಳನ್ನೂ ಪರೀಕ್ಷೆಯ ಅಂಕಗಳನ್ನೂ ಕೂಡಿಸಿ ಒಂದು ಸಂಖ್ಯೆ ಮಾಡುತ್ತವೆ. ಇದೇ ಅಕಾಡೆಮಿಕ್ ಇಂಡೆಕ್ಸ್, ಬಾಯಿಮಾತಿನಲ್ಲಿ ಎಐ. ಬಹುಕಾಲ ಇದರ ಗರಿಷ್ಠ 240 ಆಗಿತ್ತು. 2010ರ ದಶಕದ ಆರಂಭದಲ್ಲಿ ಕನಿಷ್ಠ ಗೆರೆಯನ್ನು 171ರಿಂದ 176ಕ್ಕೆ ಏರಿಸಿದರು. ಕನಿಷ್ಠ ಗೆರೆಗಿಂತ ಮುಖ್ಯವಾದದ್ದು ಇನ್ನೊಂದು ನಿಯಮ: ರಿಕ್ರೂಟ್‌ಗಳ ಸರಾಸರಿ ಆ ಕಾಲೇಜಿನ ಒಟ್ಟು ವಿದ್ಯಾರ್ಥಿಗಳ ಸರಾಸರಿಗಿಂತ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕೆಳಗೆ ಇಳಿಯಬಾರದು.

ಇದರ ಪರಿಣಾಮ ದೊಡ್ಡದು. ಮಗಳ ಅಂಕವನ್ನು ಕೋಚ್ ಒಂಟಿಯಾಗಿ ನೋಡುವುದಿಲ್ಲ. ಕೋಚ್‌ಗೆ ಆ ವರ್ಷ ಒಬ್ಬ ಅಸಾಧಾರಣ ಗೋಲ್‌ಕೀಪರ್ ಬೇಕು, ಅವಳ ಎಐ ಕಡಿಮೆ ಎಂದುಕೊಳ್ಳಿ. ಅವಳನ್ನು ತರಬೇಕಾದರೆ ಸರಾಸರಿ ಎತ್ತಿ ಹಿಡಿಯಲು ಎಐ ಹೆಚ್ಚಿರುವ ಇಬ್ಬರು ಮೂವರು ಬೇಕಾಗುತ್ತಾರೆ. ಆಟದಲ್ಲಿ ಸ್ವಲ್ಪ ಹಿಂದಿದ್ದು ಓದಿನಲ್ಲಿ ಬಹಳ ಮುಂದಿರುವವರಿಗೆ ಕರೆ ಬರುವುದೂ, ಆಟದಲ್ಲಿ ಸಮ ಇದ್ದವರಲ್ಲಿ ಒಬ್ಬರಿಗೆ ಕರೆ ನಿಲ್ಲುವುದೂ ಈ ಕಾರಣಕ್ಕೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಒಟ್ಟು ಸರಾಸರಿಯೇ ಎತ್ತರದಲ್ಲಿರುವುದರಿಂದ ಆಟಗಾರರ ಗೆರೆಯೂ ಎತ್ತರ.

ಹಳೆಯ ಸೂತ್ರದಲ್ಲಿ ಎಸ್‌ಎಟಿ ಒಂದು ಪಾಲು, ಒಂದೊಂದೇ ವಿಷಯದ ಪರೀಕ್ಷೆಯಾದ ಸಬ್ಜೆಕ್ಟ್ ಟೆಸ್ಟ್ ಒಂದು ಪಾಲು, ಗ್ರೇಡು ಅಥವಾ ತರಗತಿಯ ರ‍್ಯಾಂಕ್ ಒಂದು ಪಾಲು, ಪ್ರತಿಯೊಂದಕ್ಕೂ ಗರಿಷ್ಠ 80. ಸಬ್ಜೆಕ್ಟ್ ಟೆಸ್ಟ್ ಇಲ್ಲದವರಿಗೆ ಎಸ್‌ಎಟಿಯನ್ನೇ ಎರಡು ಸಲ ಎಣಿಸುವುದು ವಾಡಿಕೆ. ಆ ಪರೀಕ್ಷೆಗಳೇ 2021ರಲ್ಲಿ ನಿಂತುಹೋದವು. ಆ ರೀತಿಯಲ್ಲಿ ಎಣಿಸಿದರೆ 1400 ಅಂಕಕ್ಕೆ ಎರಡು ಭಾಗಗಳ ಸರಾಸರಿ 700, ಅಂದರೆ 70, ಎರಡು ಸಲ ಸೇರಿ 140. ಅದೇ 1480 ಆದರೆ 74, ಎರಡು ಸಲ 148. ಒಂದು ಬೇಸಿಗೆಯ ತಯಾರಿಯಿಂದ 8 ಪಾಯಿಂಟ್. ಮೂರು ವರ್ಷದ ಗ್ರೇಡುಗಳನ್ನು 11ನೇ ತರಗತಿಯ ಕೊನೆಯಲ್ಲಿ ಕದಲಿಸುವುದು ಕಷ್ಟ, ಪರೀಕ್ಷೆಯ ಅಂಕವನ್ನು ಕದಲಿಸಬಹುದು. ಇಂದಿನ ಸೂತ್ರದ ವಿವರಗಳನ್ನು ಲೀಗ್ ಪ್ರಕಟಿಸುವುದಿಲ್ಲ, ಆದ್ದರಿಂದ ಜಾಲತಾಣಗಳ ಎಐ ಕ್ಯಾಲ್ಕುಲೇಟರ್‌ಗಳನ್ನು ಅಂದಾಜಿಗೆ ಮಾತ್ರ ಬಳಸಿ. ಕೋಚ್‌ಗೆ ನೇರವಾಗಿ ಕೇಳುವ ಪ್ರಶ್ನೆ ಒಂದೇ: ಈ ವರ್ಷ ನಿಮ್ಮ ತಂಡಕ್ಕೆ ನಾನು ಎಷ್ಟು ಎಸ್‌ಎಟಿ ತಂದರೆ ಸಹಾಯವಾಗುತ್ತದೆ? ಒಳ್ಳೆಯ ಕೋಚ್ ಸಂಖ್ಯೆಯನ್ನೇ ಹೇಳುತ್ತಾರೆ.

ಪರೀಕ್ಷೆ ಐಚ್ಛಿಕ ಎಂಬ ಕಾಲ ಹಲವು ಕಡೆ ಮುಗಿದಿದೆ. ಎಮ್‌ಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಮತ್ತೆ ಕಡ್ಡಾಯ ಎಂದು ಘೋಷಿಸಿದವು. ಯೇಲ್ ಎಸ್‌ಎಟಿ, ಎಸಿಟಿ ಜೊತೆಗೆ ಎಪಿ, ಐಬಿ (ಹೈಸ್ಕೂಲಿನಲ್ಲೇ ಓದುವ ಮೇಲ್ಮಟ್ಟದ ಕೋರ್ಸ್‌ಗಳ ಪರೀಕ್ಷೆ) ಅಂಕಗಳನ್ನೂ ಒಪ್ಪುವ ನಿಯಮ ತಂದಿತು. ಐಚ್ಛಿಕವಾಗಿ ಉಳಿದಿರುವ ಕಾಲೇಜಿನಲ್ಲೂ ಕೋಚ್ ಅಂಕ ಕೇಳಿದರೆ ಅದನ್ನು ಸಲಹೆ ಎಂದುಕೊಳ್ಳಬೇಡಿ, ಬೇಕೇ ಬೇಕು ಎಂದು ತಿಳಿಯಿರಿ.

ಪ್ರೀ-ರೀಡ್: ಜುಲೈ 1ಕ್ಕೆ ಸಿದ್ಧವಾಗಿರಿ

ಅರ್ಜಿ ಹಾಕುವ ಮೊದಲೇ ಅಡ್ಮಿಷನ್ ಆಫೀಸಿನವರು ಕೋಚ್ ಕೋರಿಕೆಯ ಮೇಲೆ ದಾಖಲೆ ಓದಿ ಅಭಿಪ್ರಾಯ ಹೇಳುವುದು ಪ್ರೀ-ರೀಡ್. ನೆಸ್ಕ್ಯಾಕ್‌ನಲ್ಲಿ ಇದು 12ನೇ ತರಗತಿಗೆ ಮುಂಚಿನ ಜುಲೈ 1ರಿಂದ ಆರಂಭವಾಗುತ್ತದೆ. ಐವಿ ಕಾಲೇಜುಗಳಲ್ಲೂ ಹೆಚ್ಚುಕಡಿಮೆ ಇದೇ ಹೊತ್ತು. ಇಡೀ ವೇಳಾಪಟ್ಟಿಯನ್ನು ಈ ದಿನದಿಂದ ಹಿಂದಕ್ಕೆ ಎಣಿಸಿ.

11ನೇ ತರಗತಿಯ ಡಿಸೆಂಬರ್ ಅಥವಾ ಮಾರ್ಚ್‌ನಲ್ಲಿ ಮೊದಲ ಎಸ್‌ಎಟಿ, ಮೇ ಅಥವಾ ಜೂನ್‌ನಲ್ಲಿ ಎರಡನೆಯದು. ಆಗಸ್ಟ್ ಪರೀಕ್ಷೆಯನ್ನು ಮೂರನೆಯ ಅವಕಾಶವಾಗಿ ಇಟ್ಟುಕೊಳ್ಳಿ. ಸೀಸನ್‌ನ ದೊಡ್ಡ ಪಂದ್ಯಾವಳಿ ಇರುವ ವಾರಾಂತ್ಯಕ್ಕೆ ಪರೀಕ್ಷೆ ಬುಕ್ ಮಾಡುವ ತಪ್ಪು ಆಟಗಾರರ ಮನೆಗಳಲ್ಲಿ ಮತ್ತೆ ಮತ್ತೆ ಆಗುತ್ತದೆ. ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ದಿನ ಆರಿಸಿ. ಡಿವಿಷನ್ 1ರ ಬಹುತೇಕ ಆಟಗಳಲ್ಲಿ ಕೋಚ್‌ಗಳು 10ನೇ ತರಗತಿ ಮುಗಿದ ಜೂನ್ 15ರಿಂದ ನೇರವಾಗಿ ಸಂಪರ್ಕಿಸಬಹುದು. ಅದಕ್ಕೂ ಮುಂಚೆ ವಿದ್ಯಾರ್ಥಿ ಬರೆದ ಮೇಲ್‌ಗೆ ಉತ್ತರ ಬರಲಿಲ್ಲವೆಂದು ಬೇಸರ ಬೇಡ, ನಿಯಮವೇ ಹಾಗಿದೆ. ಮೇಲ್ ಬರೆಯುವುದು ಮಕ್ಕಳೇ ಆಗಿರಲಿ, ಅಪ್ಪ ಅಮ್ಮನ ಭಾಷೆಯನ್ನು ಕೋಚ್‌ಗಳು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ಪ್ರೀ-ರೀಡ್‌ಗೆ ಕಳಿಸಬೇಕಾದದ್ದು: 9ರಿಂದ 11ನೇ ತರಗತಿಯ ಕೊನೆಯವರೆಗಿನ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಧಿಕೃತ ಅಂಕಪಟ್ಟಿ), ಪರೀಕ್ಷೆಯ ಅಂಕಗಳು, 12ನೇ ತರಗತಿಯಲ್ಲಿ ತೆಗೆದುಕೊಳ್ಳುವ ಕೋರ್ಸ್‌ಗಳ ಪಟ್ಟಿ, ಶಾಲೆಯ ಪ್ರೊಫೈಲ್. ಶಾಲೆಯ ಪ್ರೊಫೈಲನ್ನು ಬಹಳ ಮಂದಿ ಮರೆಯುತ್ತಾರೆ. ಗ್ರೇಡಿಂಗ್ ಕಟ್ಟುನಿಟ್ಟಾದ ಶಾಲೆಯ 3.6 ಎಂಥದ್ದು ಎಂದು ಓದುವವರಿಗೆ ತಿಳಿಯುವುದು ಅದರಿಂದಲೇ. ಬೇಸಿಗೆ ರಜೆಯಲ್ಲಿ ಶಾಲೆಯ ಕಚೇರಿ ಮುಚ್ಚಿರುವುದರಿಂದ ಜೂನ್ ಮೊದಲ ವಾರದಲ್ಲೇ ಎಲ್ಲವನ್ನೂ ಪಿಡಿಎಫ್ ಮಾಡಿ ತೆಗೆದಿಟ್ಟುಕೊಳ್ಳಿ.

12ನೇ ತರಗತಿಯ ಕೋರ್ಸ್ ಪಟ್ಟಿ ಅತಿ ಸೂಕ್ಷ್ಮವಾದ ಕಾಗದ. ಎಪಿ ಕ್ಯಾಲ್ಕುಲಸ್, ಎಪಿ ಇಂಗ್ಲಿಷ್ ಎಂದು ಕಳಿಸಿ, ಸೆಪ್ಟೆಂಬರ್‌ನಲ್ಲಿ ಅಭ್ಯಾಸದ ಹೊತ್ತು ಹೊಂದುವುದಿಲ್ಲವೆಂದು ಒಂದನ್ನು ಬಿಟ್ಟರೆ, ಓದಿದವರು ಕೊಟ್ಟ ಅಭಿಪ್ರಾಯ ಅಲ್ಲಿಗೇ ಬಿದ್ದುಹೋಗುತ್ತದೆ. ಬಿಡಲೇಬೇಕಾದ ಪರಿಸ್ಥಿತಿ ಬಂದರೆ ಬಿಡುವ ಮೊದಲು ಕೋಚ್‌ಗೆ ಹೇಳಿ ಕಾಲೇಜಿನ ಒಪ್ಪಿಗೆ ಕೇಳಿ.

ಉತ್ತರ ಸಾಮಾನ್ಯವಾಗಿ ಹಸಿರು, ಹಳದಿ, ಕೆಂಪು ಎಂಬ ಬಗೆಯಲ್ಲಿ ಕೋಚ್ ಮೂಲಕ ಬರುತ್ತದೆ. ಹಳದಿ ಬಂದರೆ ಷರತ್ತು ಏನು ಎಂದು ಬರವಣಿಗೆಯಲ್ಲಿ ಕೇಳಿ: ಆಗಸ್ಟ್‌ನಲ್ಲಿ ಎಸ್‌ಎಟಿ ಎಷ್ಟು ಏರಬೇಕು, ಮೊದಲ ಕ್ವಾರ್ಟರ್‌ನಲ್ಲಿ ಯಾವ ಗ್ರೇಡ್ ಬೇಕು. ಇದೇ ವಾರದಲ್ಲಿ ಹಣದ ಲೆಕ್ಕವನ್ನೂ ಮುಗಿಸಿಕೊಳ್ಳಿ. ಕಾಲೇಜಿನ ತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತುಂಬಿ, ನೆರವಿನ ಆಫೀಸಿನಿಂದಲೂ ಮುಂಗಡ ಅಂದಾಜು ಕೇಳಿ. ಅರ್ಲಿ ಡಿಸಿಷನ್ (ಸೀಟು ಸಿಕ್ಕರೆ ಸೇರಲೇಬೇಕಾದ ಮೊದಲ ಸುತ್ತಿನ ಅರ್ಜಿ) ಹಾಕಿದ ಮೇಲೆ ಎರಡು ಕಾಲೇಜುಗಳ ನೆರವನ್ನು ಹೋಲಿಸಿ ನೋಡಲು ಆಗುವುದಿಲ್ಲ.

ಕೋಚ್ ಹೇಳಿದ್ದೇನು, ಹೇಳದ್ದೇನು

ನೀನು ನಮಗೆ ಬಹಳ ಇಷ್ಟ, ಅರ್ಜಿ ಹಾಕು ಎಂಬುದು ಆಹ್ವಾನ, ಬೆಂಬಲವಲ್ಲ. ಬೆಂಬಲ ಎಂದರೆ ನಿನ್ನ ಹೆಸರು ಅಡ್ಮಿಷನ್ ಆಫೀಸಿಗೆ ಕೊಡುವ ಪಟ್ಟಿಯಲ್ಲಿದೆ, ಒಂದು ಸ್ಲಾಟ್ ನಿನಗಾಗಿ ಇಟ್ಟಿದ್ದೇನೆ ಎಂಬ ಸ್ಪಷ್ಟ ಮಾತು. ವಿನಯದಿಂದಲೇ, ಆದರೆ ಬಿಡಿಸಿ ಕೇಳಬೇಕು. ನನಗೆ ನಿಮ್ಮ ಪೂರ್ಣ ಬೆಂಬಲ ಇದೆಯೇ? ಅಡ್ಮಿಷನ್ ಆಫೀಸ್ ನನ್ನ ಕಡತ ಓದಿದೆಯೇ, ಅಥವಾ ಇದು ನಿಮ್ಮ ಅಂದಾಜೇ? ಹಸಿರು ಪ್ರೀ-ರೀಡ್ ಇದ್ದು ನಿಮ್ಮ ಬೆಂಬಲವೂ ಇದ್ದವರಲ್ಲಿ ಕಳೆದ ವರ್ಷಗಳಲ್ಲಿ ಯಾರಿಗಾದರೂ ಸೀಟು ತಪ್ಪಿದೆಯೇ? ನನ್ನ ಜಾಗದಲ್ಲಿ ಆಡುವ ಇನ್ನೆಷ್ಟು ಮಂದಿಯನ್ನು ನೋಡುತ್ತಿದ್ದೀರಿ? ಈ ಪ್ರಶ್ನೆಗಳಿಗೆ ಸುತ್ತಿ ಬಳಸಿ ಉತ್ತರ ಬಂದರೆ ಅಲ್ಲಿ ಸ್ಲಾಟ್ ಇಲ್ಲ ಎಂದೇ ತಿಳಿದು, ಎರಡನೆಯ ಕಾಲೇಜಿನ ಕೋಚ್ ಜೊತೆ ಮಾತು ಜೀವಂತವಾಗಿಡಿ.

2019ರ ಮಾರ್ಚ್‌ನಲ್ಲಿ ವಾರ್ಸಿಟಿ ಬ್ಲೂಸ್ ಹಗರಣ ಬಯಲಾದ ಮೇಲೆ, ಆಟವೇ ಆಡದವರನ್ನು ರಿಕ್ರೂಟ್ ಎಂದು ತೋರಿಸಿದ ಕೋಚ್‌ಗಳಿಗೆ ಶಿಕ್ಷೆಯಾಯಿತು. ಅಂದಿನಿಂದ ಕೋಚ್ ಕೊಟ್ಟ ಪಟ್ಟಿಯನ್ನು ಬೇರೆಯವರೂ ಪರಿಶೀಲಿಸುವ ಪದ್ಧತಿ ಹಲವು ಕಡೆ ಬಂದಿದೆ. ಫಲಿತಾಂಶಗಳ ಕೊಂಡಿ, ವಿಡಿಯೋ, ಕ್ಲಬ್ ಕೋಚ್ ಸಂಪರ್ಕ ಎಲ್ಲ ಒಂದೇ ಪುಟದಲ್ಲಿ ಸಿದ್ಧವಿರಲಿ.

ಅರ್ಜಿ ಮತ್ತು ಲೈಕ್ಲಿ ಲೆಟರ್

ಬೆಂಬಲ ಖಚಿತವಾದ ಮೇಲೆ ಸಾಮಾನ್ಯವಾಗಿ ಕೋಚ್ ಕೇಳುವುದು ಮೊದಲ ಸುತ್ತಿನಲ್ಲೇ ಅರ್ಜಿ ಹಾಕಬೇಕೆಂದು. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಪೆನ್‌ಗಳಲ್ಲಿ ಅದು ಬದ್ಧತೆಯ ಅರ್ಲಿ ಡಿಸಿಷನ್. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಒಂದೇ ಕಡೆ ಹಾಕಬಹುದಾದ ಅರ್ಲಿ ಆ್ಯಕ್ಷನ್.

ಐವಿ ಕಾಲೇಜುಗಳು ಅಕ್ಟೋಬರ್ 1ರಿಂದ ಮಾರ್ಚ್ 15ರೊಳಗೆ ಲೈಕ್ಲಿ ಲೆಟರ್ ಕಳಿಸಬಹುದು. ಓದು ಮತ್ತು ನಡತೆ ಈಗಿನಂತೆಯೇ ಮುಂದುವರಿದರೆ ಇದು ಪ್ರವೇಶ ಪತ್ರಕ್ಕೆ ಸಮ. ಇದನ್ನು ಬರೆಯುವುದು ಅಡ್ಮಿಷನ್ ಆಫೀಸ್, ಕೋಚ್ ಅಲ್ಲ. ಅದು ಬರಬೇಕಾದರೆ ಅರ್ಜಿ ಪೂರ್ತಿಯಾಗಿರಬೇಕು: ಪ್ರಬಂಧಗಳು, ಶಿಕ್ಷಕರ ಶಿಫಾರಸು ಪತ್ರಗಳು, ಟ್ರಾನ್ಸ್‌ಕ್ರಿಪ್ಟ್, ಅಂಕಗಳು. ಬೇಗ ಉತ್ತರ ಬೇಕಾದವರು ಸೆಪ್ಟೆಂಬರ್‌ನಲ್ಲೇ ಕಳಿಸಲು ಶಿಕ್ಷಕರಿಗೆ ಮೇ ತಿಂಗಳಲ್ಲೇ ಕೇಳಿರಬೇಕು. ಸೀಟು ಹೇಗೂ ಆಯಿತು ಎಂದು ಪ್ರಬಂಧವನ್ನು ಒಂದು ರಾತ್ರಿಯಲ್ಲಿ ಗೀಚಿದರೆ ಓದುವವರಿಗೆ ಅದು ಕಾಣುತ್ತದೆ, ಹಳದಿ ಕಡತಕ್ಕೆ ಅಷ್ಟೇ ಸಾಕು.

ಪತ್ರ ಬಂದ ಮೇಲೂ ಗ್ರೇಡು ಬೀಳುವಂತಿಲ್ಲ. ಬಿಗಳಿದ್ದ ಕಡೆ ಡಿ ಬಂದರೆ, ಶಾಲೆಯಲ್ಲಿ ಶಿಸ್ತುಕ್ರಮವಾದರೆ ಕಾಲೇಜು ಸೀಟು ಹಿಂತೆಗೆದುಕೊಳ್ಳಬಹುದು. ಗಾಯವಾಗಿ ಅಥವಾ ಕಾಯಿಲೆ ಬಿದ್ದು ಓದು ಹಿಂದುಳಿದರೆ ವೈದ್ಯರ ಪತ್ರದೊಡನೆ ಕೌನ್ಸೆಲರ್ ಮೂಲಕ ಆಗಲೇ ತಿಳಿಸಿ. ಕೊನೆಯ ಟ್ರಾನ್ಸ್‌ಕ್ರಿಪ್ಟ್ ತಾನೇ ಹೇಳಲಿ ಎಂದು ಕಾಯಬೇಡಿ.

ಸೇರಿದ ಮೇಲೆ ಡಿವಿಷನ್ 1ರ ಲೆಕ್ಕ ಮತ್ತೆ ಶುರು. ಪ್ರತಿ ಟರ್ಮಿನಲ್ಲಿ 6 ಕ್ರೆಡಿಟ್, ಮೊದಲ ವರ್ಷ 24. ಎರಡನೆಯ ವರ್ಷದ ಕೊನೆಗೆ ಪದವಿಯ 40%, ಮೂರನೆಯದಕ್ಕೆ 60%, ನಾಲ್ಕನೆಯದಕ್ಕೆ 80% ಮುಗಿದಿರಬೇಕು. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಯವರೆಗೆ ಅಭ್ಯಾಸ ಇರುತ್ತದೆ, ಪ್ರಯಾಣದ ಹೊತ್ತು ಅದರಲ್ಲಿ ಸೇರಿಲ್ಲ. ಮಧ್ಯಾಹ್ನದ ಲ್ಯಾಬ್ ಇರುವ ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದುವವರು ಕ್ಯಾಂಪಸ್ ಭೇಟಿಯ ದಿನವೇ ತಂಡದಲ್ಲಿ ಅದೇ ವಿಷಯ ಓದುವ ಹಿರಿಯರನ್ನು ಹುಡುಕಿ, ಲ್ಯಾಬ್ ಮತ್ತು ಅಭ್ಯಾಸ ಒಂದೇ ಹೊತ್ತಿಗೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಅಂಥವರು ತಂಡದಲ್ಲಿ ಒಬ್ಬರೂ ಇಲ್ಲದಿದ್ದರೆ, ಆ ವಿಷಯಕ್ಕೂ ಆ ತಂಡಕ್ಕೂ ಹೊಂದಿಕೆ ಇದೆಯೇ ಎಂದು ಸಹಿ ಹಾಕುವ ಮೊದಲು ಕೋಚ್‌ನ ಬಾಯಿಂದಲೇ ಕೇಳಿಕೊಳ್ಳಿ.